ಸ್ಕ್ಯಾನ್ ನಾರ್ಮಲ್ ಬಂದರೂ ತಲೆನೋವು ಯಾಕೆ ಹೋಗಲ್ಲ?

ಪ್ರಶ್ನೆ: ಏಳು ತಿಂಗಳ ಹಿಂದೆ ನಮ್ಮನೆಯವರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಆದರೆ ಈಗಲೂ ತಲೆನೋವು, ದಿನಾ ಗುಳಿಗೆ. ಹಾಸಿಗೆಯಲ್ಲಿ ಹೊರಳಿದರೆ ತಲೆ ಸುತ್ತುತ್ತದೆ. ಮಗ್ಗದ ಸಪ್ಪಳ ತಡೆಯಲ್ಲ, ಮಾತುಮಾತಿಗೆ ಸಿಟ್ಟು. ಅತ್ತೆ, ಮೈದುನ ಎಲ್ಲರೂ ‘ಕೆಲಸ ತಪ್ಪಿಸೋ ನೆವ’ ಅಂತಾರೆ.
— ಓದುಗರು, ಬನಹಟ್ಟಿ

ಉತ್ತರ: ಇದು ನೆವ ಅಲ್ಲ, ತಂಗಿ. ಸಿಟಿ ಸ್ಕ್ಯಾನ್ ನೋಡುವುದು ಮುಖ್ಯವಾಗಿ ರಕ್ತಸ್ರಾವ, ಬುರುಡೆಯ ಬಿರುಕು. ಬಿದ್ದ ರಭಸಕ್ಕೆ ಮಿದುಳಿನ ಸಣ್ಣ ನರದ ಎಳೆಗಳು ಜಗ್ಗಿದ್ದರೆ ಅದರಲ್ಲಿ ಕಾಣುವುದಿಲ್ಲ. ಹೆಚ್ಚಿನವರಿಗೆ 3 ತಿಂಗಳೊಳಗೆ ಗುಣವಾಗುತ್ತದೆ. ಕೆಲವರಿಗೆ ಆಗಲ್ಲ.

ನಿಮ್ಮ ಕಡೆಯ ಪವರ್‌ಲೂಮ್ ಶೆಡ್ಡನ್ನೇ ನೋಡಿ. ಸಾಲು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ನೇಕಾರರಿಗೆ ಆ ಸಪ್ಪಳ ಕಿವಿಗೇ ಬೀಳಲ್ಲ. ಬೇಡದ್ದನ್ನು ಮಿದುಳು ತಾನೇ ಆಚೆ ಇಡುತ್ತದೆ. ಪೆಟ್ಟು ತಿಂದ ಮಿದುಳಿಗೆ ಅದು ಕಷ್ಟ. ಪ್ರತಿ ಬಡಿತವೂ ಒಳಗೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮನುಷ್ಯ ಸೋತು ಹೋಗುತ್ತಾನೆ. ಸಿಟ್ಟು ಸುಮ್ನೆ ಬರಲ್ಲ ಅಲ್ವಾ?

ಹೊರಳಿದಾಗಿನ ತಲೆಸುತ್ತಿಗೆ ಒಳಗಿವಿ ಕಾರಣ ಇರಬಹುದು. ಅಲ್ಲಿನ ಸಣ್ಣ ಹರಳುಗಳು ಪೆಟ್ಟಿಗೆ ಜಾಗ ಬಿಟ್ಟು ಸರಿದಿರುತ್ತವೆ. ಕಿವಿ ಡಾಕ್ಟರು ತಲೆ ಓರೆ ಮಾಡಿ ಮಲಗಿಸಿ ಕಣ್ಣಿನ ಚಲನೆ ನೋಡುತ್ತಾರೆ. ಅದೇ ಅಂತ ಗೊತ್ತಾದರೆ, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಮತ್ತೆ ಜಾಗಕ್ಕೆ ಕಳಿಸುತ್ತಾರೆ. ಎಷ್ಟೋ ಸಲ ಒಂದೆರಡು ಭೇಟಿಯಲ್ಲೇ ಮುಗಿಯುತ್ತದೆ. ಇಷ್ಟು ಸುಲಭದ್ದನ್ನು ತಿಂಗಳುಗಟ್ಟಲೆ ಸಹಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ದಿನಾ ಗುಳಿಗೆಯ ವಿಷಯಕ್ಕೆ ನನಗೆ ಜಾಸ್ತಿ ಚಿಂತೆ. ಸಾಮಾನ್ಯ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಗುಳಿಗೆಯೇ ತಲೆನೋವು ತರಬಹುದು. ಡಾಕ್ಟರನ್ನು ಕೇಳಿಯೇ ಬಿಡಿಸಿ. ಕುತ್ತಿಗೆಯನ್ನೂ ಪರೀಕ್ಷೆ ಮಾಡಿಸಿ, ಬಿದ್ದಾಗ ಅದೂ ಉಳುಕಿರಬಹುದು.

ಕತ್ತಲೆ ಕೋಣೆಯಲ್ಲಿ ಮಲಗಿಸಬೇಡಿ, ಪೂರ್ತಿ ಪಾಳಿಗೂ ಕಳಿಸಬೇಡಿ. ದಿನಾ ಸ್ವಲ್ಪ ನಡೆಯಲಿ. ಮಗ್ಗದ ಕೆಲಸ ಒಂದೆರಡು ತಾಸಿನಿಂದ ಶುರುವಾಗಲಿ, ಶೆಡ್ಡಿನಲ್ಲಿ ಕಿವಿಗೆ ಇಯರ್‌ಪ್ಲಗ್ ಇರಲಿ. ನೋವು ತುಸು ಏರಿದರೆ ಪರವಾಗಿಲ್ಲ, ಜೋರಾದರೆ ಮರುದಿನ ಕಡಿಮೆ ಮಾಡಲಿ. ನಿದ್ದೆ ಕೆಡಬಾರದು. ಕುಡಿತ ಬೇಡವೇ ಬೇಡ. ಬೇಸರ, ಮರೆವು ಜಾಸ್ತಿ ಇದ್ದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರರೋಗದ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು.

ನೋವು ದಿನದಿಂದ ದಿನಕ್ಕೆ ಏರಿದರೆ, ಪದೇಪದೇ ವಾಂತಿ, ಮಂಪರು, ಫಿಟ್ಸ್, ತೊದಲು ಮಾತು, ಕೈಕಾಲಿನಲ್ಲಿ ಶಕ್ತಿ ಕಮ್ಮಿ ಅನಿಸಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಡಾಕ್ಟರ ಹತ್ತಿರ ಹೋಗುವಾಗ ಅವರು ನುಂಗಿದ ಗುಳಿಗೆಯ ಖಾಲಿ ಶೀಟುಗಳನ್ನು ತಗೊಂಡು ಹೋಗಿ. ಆಗುವುದಾದರೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.