ಜಡ್ಜ್‌ಗಳಿಗೂ ಓಟು ಹಾಕ್ತಾರಂತೆ, ನಮ್ಮಲ್ಲೂ ಯಾಕಿರಬಾರದು?

ತುಮಕೂರಿನಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಅವರು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಮಗಳು ಈಗ ಅಲ್ಲಿನ ಪ್ರಜೆ. ಪತ್ರದ ಮುಖ್ಯ ಭಾಗ ಇದು:

"ಮಗಳಿಗೆ ಅಂಚೆಯಲ್ಲಿ ಬ್ಯಾಲೆಟ್ ಬಂತು. ಊಟದ ಟೇಬಲ್ ಮೇಲೆ ಹರಡಿಕೊಂಡು ಪೆನ್ನಿನಿಂದ ಗುರುತು ಹಾಕುತ್ತಾ ಕೂತಳು. ಗವರ್ನರ್ ಆಯಿತು, ಇನ್ನೂ ಯಾರ್‍ಯಾರೋ ಆಯಿತು. ಆಮೇಲೆ ನೋಡಿದರೆ ನ್ಯಾಯಮೂರ್ತಿಗಳ ಹೆಸರು! ಒಬ್ಬೊಬ್ಬರ ಮುಂದೆಯೂ 'ಹೌದು', 'ಇಲ್ಲ' ಎರಡೇ. 'ಇವರೆಲ್ಲ ಯಾರಮ್ಮ?' ಅಂದೆ. 'ಗೊತ್ತಿಲ್ಲಪ್ಪ' ಅಂದಳು. ಅಷ್ಟನ್ನೂ ಖಾಲಿ ಬಿಟ್ಟು ಲಕೋಟೆ ಅಂಟಿಸಿದಳು. ನನಗೆ ಹೊಟ್ಟೆ ಉರಿಯಿತು. ನಮ್ಮಲ್ಲಿ ಜಡ್ಜ್‌ಗಳನ್ನು ಜಡ್ಜ್‌ಗಳೇ ಆರಿಸಿಕೊಳ್ಳುತ್ತಾರೆ. ನಮ್ಮ ಹೈಕೋರ್ಟಿಗೂ ಹೀಗೆ ಓಟು ಯಾಕಿರಬಾರದು? ಮತ್ತೆ, ಮುಂದಿನ ಸಲ ಅವಳು ಏನು ಮಾಡಬೇಕು?"

ಮೇಷ್ಟ್ರೇ, ನಿಮ್ಮ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಆದರೆ ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಮಗಳ ಮುಂದಿದ್ದದ್ದು ನಮಗೆ ಗೊತ್ತಿರುವಂಥ ಚುನಾವಣೆ ಅಲ್ಲ. ಎದುರಾಳಿ ಇರುವುದಿಲ್ಲ. ಪಕ್ಷ ಇರುವುದಿಲ್ಲ. ಅಲ್ಲಿ ಮೇಲ್ಮನವಿ ಕೋರ್ಟಿನ ಮತ್ತು ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ಗವರ್ನರ್ (ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥವರು) ಹೆಸರಿಸುತ್ತಾರೆ. ಮೂವರ ಸಮಿತಿಯೊಂದು ಒಪ್ಪಬೇಕು. ಕೆಲಸಕ್ಕೆ ಸೇರಿದ ಮೇಲೆ ಜನರ ಸರದಿ. ಇಂಥವರನ್ನು ಕಾನೂನು ಹೇಳಿರುವ ಅವಧಿಗೆ ಆರಿಸಬೇಕೇ? ಹೌದು ಅಥವಾ ಇಲ್ಲ. ಪೂರ್ತಿ ಅವಧಿ 12 ವರ್ಷ. ಅಮೆರಿಕದ ಎಲ್ಲ ಕಡೆ ಹೀಗಿಲ್ಲ. ಕೆಲವು ರಾಜ್ಯಗಳಲ್ಲಿ ಇಬ್ಬರು ಮೂವರು ನಿಂತು ಪೈಪೋಟಿ ಮಾಡುತ್ತಾರೆ. ಟೆಕ್ಸಾಸ್‌ನಲ್ಲಂತೂ ಪಕ್ಷದ ಹೆಸರಿನಲ್ಲೇ ನಿಲ್ಲುತ್ತಾರೆ.

ಈ ಹೌದು-ಇಲ್ಲ ಪದ್ಧತಿ ಹುಟ್ಟಿದ್ದೇ ಚುನಾವಣೆಯ ಕಾಟ ತಾಳಲಾರದೆ. 1832ರಲ್ಲಿ ಮಿಸಿಸಿಪಿ ರಾಜ್ಯ ತನ್ನ ಎಲ್ಲ ಜಡ್ಜ್‌ಗಳನ್ನೂ ಓಟಿನಿಂದ ಆರಿಸಲು ಶುರು ಮಾಡಿತು. ಬೇರೆ ರಾಜ್ಯಗಳೂ ಆ ದಾರಿ ಹಿಡಿದವು. ಉದ್ದೇಶ ಒಳ್ಳೆಯದೇ. ಆದರೆ ಟಿಕೆಟ್ ಕೊಡುವವನು ಯಾರು? ಪಕ್ಷದ ಯಜಮಾನ. ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ಟಾಮ್ ಪೆಂಡರ್‌ಗಾಸ್ಟ್ ಅನ್ನುವವನದು ಅಂಥ ಯಜಮಾನಿಕೆ. ಅವನ ಕೈ ಕೋರ್ಟಿನವರೆಗೂ ಹೋಗುತ್ತಿತ್ತು. ಬೇಸತ್ತ ಜನ 1940ರಲ್ಲಿ ಓಟು ಹಾಕಿ ಪದ್ಧತಿಯನ್ನೇ ಬದಲಾಯಿಸಿದರು. ಅಲ್ಲಿ ಏಳು ಜನರ ಸಮಿತಿ ಇದೆ. ವಕೀಲರೇ ಆರಿಸಿ ಕಳಿಸಿದ ಮೂವರು ವಕೀಲರು, ವಕೀಲರಲ್ಲದ ಮೂವರು, ಒಬ್ಬ ನ್ಯಾಯಮೂರ್ತಿ. ಇವರು ಮೂರು ಹೆಸರು ಕೊಡುತ್ತಾರೆ, ಗವರ್ನರ್ ಅದರಲ್ಲಿ ಒಂದನ್ನು ಆರಿಸಬೇಕು. ಒಂದು ವರ್ಷ ಕೆಲಸ ಮಾಡಿದ ಮೇಲೆ, ಮುಂದಿನ ಚುನಾವಣೆಯಲ್ಲಿ ಜನ ಹೌದು ಅಥವಾ ಇಲ್ಲ ಅನ್ನುತ್ತಾರೆ. ವಕೀಲರಲ್ಲದ ಮೂವರು ಆ ಮೇಜಿನ ಸುತ್ತ ಕೂರುತ್ತಾರಲ್ಲ, ಅದು ನನಗೆ ತುಂಬಾ ಹಿಡಿಸಿದ ಸಂಗತಿ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಚ್ಚಿನ ಸಲ ಈ ಓಟಿನಲ್ಲಿ ಏನೂ ಆಗುವುದಿಲ್ಲ. ನಿಮ್ಮ ಮಗಳ ಹಾಗೆ ಎಷ್ಟೋ ಜನ ಖಾಲಿ ಬಿಡುತ್ತಾರೆ. ಉಳಿದವರು ಹೌದು ಅನ್ನುತ್ತಾರೆ. ನ್ಯಾಯಮೂರ್ತಿ ಉಳಿಯುತ್ತಾರೆ. ತೊಂದರೆ ಬರುವುದು ಜನಕ್ಕೆ ಸಿಟ್ಟು ಬಂದ ವರ್ಷ.

ನಿಮ್ಮ ಮಗಳು ಇರುವ ರಾಜ್ಯದ್ದೇ ಕಥೆ ಕೇಳಿ. ರೋಸ್ ಬರ್ಡ್ ಕ್ಯಾಲಿಫೋರ್ನಿಯಾದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. 1977ರಲ್ಲಿ ಬಂದವರು. ಅವರ ಮುಂದೆ ಬಂದ ಅರವತ್ತಕ್ಕೂ ಹೆಚ್ಚು ಮರಣದಂಡನೆ ಕೇಸುಗಳಲ್ಲಿ ಒಂದರಲ್ಲೂ ಅವರು ಆ ಶಿಕ್ಷೆ ಎತ್ತಿಹಿಡಿಯಲಿಲ್ಲ. 1986ರಲ್ಲಿ ಜನ ಅವರನ್ನು ಮನೆಗೆ ಕಳಿಸಿದರು. ಜೊತೆಗೆ ಕ್ರೂಸ್ ರೇನೋಸೊ, ಜೋಸೆಫ್ ಗ್ರೋಡಿನ್ ಕೂಡ ಹೋದರು. 1934ರಲ್ಲಿ ಈ ಪದ್ಧತಿ ಬಂದ ಮೇಲೆ ಅಲ್ಲಿಯ ಸುಪ್ರೀಂ ಕೋರ್ಟಿನ ಒಬ್ಬರೂ ಅದುವರೆಗೆ ಸೋತಿರಲಿಲ್ಲ. ಬರ್ಡ್ ಅವರ ತೀರ್ಪುಗಳೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಅವರನ್ನು ಒಪ್ಪದ ಕಾನೂನು ಪಂಡಿತರು ಬಹಳ ಮಂದಿ ಇದ್ದರು. ನನಗೆ ಚಿಂತೆ ಹಚ್ಚುವುದು ಆಮೇಲಿನ ಜಡ್ಜ್‌ಗಳ ಮನಸ್ಸು. ಅದೇ ಕೋರ್ಟಿನಲ್ಲಿದ್ದ ಆಟೊ ಕೌಸ್ ಅನ್ನುವ ನ್ಯಾಯಮೂರ್ತಿ ಒಂದು ಮಾತು ಹೇಳಿದ್ದರು. ಬೆಳಗ್ಗೆ ಗಡ್ಡ ಬೋಳಿಸಿಕೊಳ್ಳಲು ಬಚ್ಚಲಿಗೆ ಹೋಗುತ್ತೀರಿ, ಅಲ್ಲಿ ತೊಟ್ಟಿಯೊಳಗೆ ಮೊಸಳೆ ಮಲಗಿದೆ. ಅದರ ಬಗ್ಗೆ ಯೋಚಿಸಬಾರದು ಅಂತ ಗೊತ್ತು. ಯೋಚಿಸದೆ ಇರೋಕಾಗುತ್ತದಾ? ಚುನಾವಣೆ ಹತ್ತಿರ ಇದ್ದಾಗ ದೊಡ್ಡ ಕೇಸು ಕೈಗೆ ಬಂದರೆ ಹಾಗಿರುತ್ತದೆ ಅಂತ ಅವರು ಹೇಳಿದ್ದು. ಪ್ರಾಮಾಣಿಕ ಮನುಷ್ಯರು. ತಮ್ಮ ಮನಸ್ಸಿನ ಒಳಗೇನಿದೆ ಅಂತ ತಮಗೇ ಪೂರ್ತಿ ಗೊತ್ತಾಗುವುದಿಲ್ಲ ಅಂತ ಒಪ್ಪಿಕೊಂಡರು.

ಇನ್ನೊಂದು ಕಥೆ ಅಯೋವ ರಾಜ್ಯದ್ದು. ನನ್ನನ್ನು ಜಾಸ್ತಿ ಕಾಡುವುದು ಅದೇ. 2009ರ ಏಪ್ರಿಲ್ 3ರಂದು ಅಲ್ಲಿಯ ಸುಪ್ರೀಂ ಕೋರ್ಟ್ ಸಲಿಂಗಿಗಳ ಮದುವೆಗೆ ಇದ್ದ ತಡೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಏಳು ಜನ ನ್ಯಾಯಮೂರ್ತಿಗಳು, ಏಳೂ ಜನರದ್ದು ಒಂದೇ ಮಾತು. ಮರುವರ್ಷ ನವೆಂಬರ್‌ನಲ್ಲಿ ಚುನಾವಣೆ. ಆ ವರ್ಷ ಯಾರ ಅವಧಿ ಮುಗಿಯುತ್ತಿತ್ತೋ ಅವರ ಹೆಸರು ಮಾತ್ರ ಬ್ಯಾಲೆಟ್‌ಗೆ ಬಂತು. ಮಾರ್ಷಾ ಟರ್ನಸ್, ಮೈಕಲ್ ಸ್ಟ್ರೀಟ್, ಡೇವಿಡ್ ಬೇಕರ್. ಅವರ ವಿರುದ್ಧ ಹೊರರಾಜ್ಯದ ಸಂಘಟನೆಗಳ ದುಡ್ಡು ಹರಿದು ಬಂತು. ಮೂವರೂ ಒಂದು ಪೈಸೆ ಚಂದಾ ಎತ್ತಲಿಲ್ಲ. ನ್ಯಾಯಮೂರ್ತಿ ಆದವರು ಓಟು ಕೇಳಿಕೊಂಡು ತಿರುಗಬಾರದು ಅಂತ ಅವರ ನಂಬಿಕೆ. ಮೂವರೂ ಸೋತರು. ತೀರ್ಪು ಬರೆದಿದ್ದ ಮಾರ್ಕ್ ಕೇಡಿ ಅವರ ಸರದಿ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಸಿಟ್ಟು ಇಳಿದಿತ್ತು, ಗೆದ್ದರು. ನೋಡಿ, ತೀರ್ಪು ಒಂದೇ. ಕೊಟ್ಟವರು ಏಳು ಜನ. ಮೂವರಿಗೆ ಶಿಕ್ಷೆ, ಬರೆದವರಿಗೆ ಏನೂ ಇಲ್ಲ. ವ್ಯತ್ಯಾಸ ಕ್ಯಾಲೆಂಡರ್‌ನದು. ತೀರ್ಪು ಮಾತ್ರ ಅಲ್ಲಾಡಲಿಲ್ಲ.

ಪೈಪೋಟಿ ಇರುವ ರಾಜ್ಯಗಳ ಕಥೆ ಇನ್ನೂ ಕಷ್ಟ. ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪಾಗಿತ್ತು. ಮೇಲ್ಮನವಿ ಹೋಗಬೇಕಿತ್ತು. ಅಷ್ಟರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿಗೆ 2004ರ ಚುನಾವಣೆ ಬಂತು. ಕಂಪನಿಯ ಮುಖ್ಯಸ್ಥ ಒಬ್ಬ ಅಭ್ಯರ್ಥಿಯ ಪರವಾಗಿ ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿದ. ಅವರು ಗೆದ್ದರು. ಆಮೇಲೆ ಅದೇ ಕೇಸು ಕೇಳಲು ಅವರೇ ಕೂತರು, ಕಂಪನಿ 3-2ರಲ್ಲಿ ಗೆದ್ದಿತು! ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಇದು ತಪ್ಪು, ಆ ನ್ಯಾಯಮೂರ್ತಿ ಹಿಂದೆ ಸರಿಯಬೇಕಿತ್ತು ಅಂದಿತು. ಅದೂ 5-4ರಲ್ಲಿ. 2025ರಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿನ ಒಂದೇ ಒಂದು ಸೀಟಿಗೆ ಎರಡೂ ಕಡೆ ಸೇರಿ ಖರ್ಚಾದದ್ದು ಹತ್ತು ಕೋಟಿ ಡಾಲರ್ ಸುತ್ತಮುತ್ತ. ಅಷ್ಟು ದುಡ್ಡು ಹಾಕುವವರು ಸುಮ್ನೆ ಹಾಕುತ್ತಾರಾ?

ಇದನ್ನೆಲ್ಲ ಓದುವಾಗ ನನಗೆ ನಮ್ಮ ತಂದೆಯ ಬಂಡಿದಾರಿ ಕೇಸು ನೆನಪಾಗುತ್ತದೆ. ನಮ್ಮ ಹೊಲಕ್ಕೆ ಹೋಗುವ ದಾರಿಗೆ ಊರಿನ ದೊಡ್ಡ ಮನೆಯವರು ಬೇಲಿ ಹಾಕಿದರು. ಮುನ್ಸಿಫ್ ಕೋರ್ಟಿಗೆ ಹೋದೆವು. ವಾಯಿದೆ ದಿನ ಅವರ ಕಡೆಗೆ ಟ್ರ್ಯಾಕ್ಟರ್ ತುಂಬ ಜನ ಬರುತ್ತಿದ್ದರು. ನಮ್ಮ ಕಡೆ ಅಪ್ಪ, ನಾನು, ಬಸ್ಸಿನ ಬುತ್ತಿ. ಕೋರ್ಟಿನ ಹುಣಸೆಮರದ ಕೆಳಗೆ ಅಪ್ಪ ಒಂದು ಸಲ ಅಂದರು: "ಈ ಸಾಹೇಬರಿಗೆ ನಮ್ಮೂರಲ್ಲಿ ಯಾರ ಹಂಗೂ ಇಲ್ಲ. ಅದೊಂದೇ ನಮಗೆ ಧೈರ್ಯ." ಅವರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದ ಹುಡುಗ. ಹಳೇ ನಕ್ಷೆ ತರಿಸಿ ನೋಡಿದರು, ಸರ್ವೇಯರ್‌ನ ಕರೆಸಿದರು. ದಾರಿ ಬಿಡಿಸಿಕೊಟ್ಟರು. ಆ ಸಾಹೇಬರು ಮುಂದಿನ ವರ್ಷ ನಮ್ಮ ತಾಲ್ಲೂಕಿನಲ್ಲಿ ಓಟಿಗೆ ನಿಲ್ಲಬೇಕಾಗಿದ್ದರೆ? ನಮ್ಮದು ಮನೆಯಲ್ಲಿ ಎರಡು ಓಟು. ಅವರದ್ದು ಅರ್ಧ ಊರು. ಕೇಸು ನಡೆಯುವಾಗ ಅಪ್ಪ ಅಷ್ಟು ನೆಮ್ಮದಿಯಾಗಿ ಬುತ್ತಿ ಬಿಚ್ಚುತ್ತಿರಲಿಲ್ಲ.

ಹಾಗಂತ ನಮ್ಮಲ್ಲಿ ಎಲ್ಲ ಸರಿಯಿದೆ ಅಂತಲ್ಲ. ನೇಮಕ ಪೂರ್ತಿ ಸರ್ಕಾರದ ಕೈಯಲ್ಲಿದ್ದರೆ ಏನಾಗುತ್ತದೆ ಅಂತ ನಾವು ಕಂಡಿದ್ದೇವೆ. ಎಡನೀರು ಮಠದ ಸ್ವಾಮೀಜಿ ಹಾಕಿದ್ದ ಕೇಶವಾನಂದ ಭಾರತಿ ಕೇಸಿನ ತೀರ್ಪು 1973ರ ಏಪ್ರಿಲ್‌ನಲ್ಲಿ ಬಂತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಬದಲಿಸುವಂತಿಲ್ಲ ಅಂದಿತು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಅದರಲ್ಲಿ ಕೆ.ಎಸ್. ಹೆಗ್ಡೆ ನಮ್ಮ ಕಾರ್ಕಳದ ಕಡೆಯವರು. 1977ರಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಓಟು ಕೇಳಿದ್ದು ಕೋರ್ಟು ಬಿಟ್ಟ ಮೇಲೆ.

ಆಮೇಲೆ 1993ರ ತೀರ್ಪಿನಿಂದ ಕೊಲಿಜಿಯಂ ಬಂತು, ಅಂದರೆ ಹಿರಿಯ ನ್ಯಾಯಮೂರ್ತಿಗಳೇ ಕೂತು ಹೊಸಬರ ಹೆಸರು ಆರಿಸುವ ಪದ್ಧತಿ. ಅದನ್ನು ಬದಲಿಸಲು ಸಂಸತ್ತು ಆರು ಜನರ ನೇಮಕಾತಿ ಆಯೋಗ ಮಾಡಿತು. ಅದರಲ್ಲಿ ಕಾನೂನು ಮಂತ್ರಿ ಇದ್ದರು, ಇಬ್ಬರು ಗಣ್ಯರು ಇರಬೇಕಿತ್ತು. 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 4-1ರಲ್ಲಿ ಅದನ್ನು ರದ್ದು ಮಾಡಿತು. ಈಗಲೂ ಬಾಗಿಲು ಮುಚ್ಚಿಕೊಂಡೇ ಹೆಸರು ಆರಿಸುತ್ತಾರೆ. ಯಾರನ್ನು ಯಾಕೆ ಬಿಟ್ಟರು ಅಂತ ನಿಮಗೂ ನನಗೂ ಸರಿಯಾಗಿ ತಿಳಿಯುವುದಿಲ್ಲ. ನಿಮ್ಮ ಸಿಟ್ಟು ಇಲ್ಲಿ ಪೂರ್ತಿ ನ್ಯಾಯವಾದದ್ದು.

ಆದ್ದರಿಂದ ನನ್ನ ಮಾತು ಇಷ್ಟು. ಮಿಸೌರಿಯಿಂದ ನಾವು ತರಬೇಕಾದದ್ದು ಬ್ಯಾಲೆಟ್ ಅಲ್ಲ, ಆ ಮೇಜು. ವಕೀಲರೂ ಜಡ್ಜ್‌ಗಳೂ ಅಲ್ಲದ, ಸರ್ಕಾರದ ಹಂಗಿಲ್ಲದ ಕೆಲವರು ಅಲ್ಲಿ ಕೂರಲಿ. ಅರ್ಜಿ ಹಾಕಿದವರ ಹೆಸರು ಜನಕ್ಕೆ ಗೊತ್ತಾಗಲಿ. ಒಳಗೆ ಬರುವಾಗ ಎಷ್ಟು ಬೇಕಾದರೂ ಪ್ರಶ್ನೆ ಕೇಳಿ. ಒಳಗೆ ಬಂದ ಮೇಲೆ ಅವರು ಯಾರ ಮುಖವನ್ನೂ ನೋಡಿ ತೀರ್ಪು ಬರೆಯುವ ಹಾಗಾಗಬಾರದು. ಮಂತ್ರಿಯ ಮುಖವನ್ನೂ ಬೇಡ, ನಮ್ಮ ಮುಖವನ್ನೂ ಬೇಡ. ನಿವೃತ್ತಿ ಆದ ಕೂಡಲೇ ಸರ್ಕಾರ ಕೊಡುವ ಹುದ್ದೆಗಳ ಆಸೆಯೂ ಒಂದು ಮೊಸಳೆಯೇ. ಅದನ್ನೂ ಬಚ್ಚಲಿನಿಂದ ಹೊರಗೆ ಹಾಕಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಮಗಳು ಖಾಲಿ ಬಿಡುವುದು ಬೇಡ. ಖಾಲಿ ಬಿಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ, ಹಾಕಿದವರ ಓಟಿನಲ್ಲಿ ಮಾತ್ರ ಎಣಿಕೆ. ಅಂದರೆ ಸಿಟ್ಟಿಗೆದ್ದ ಗುಂಪಿನ ಕೈಗೆ ತೂಕ ಜಾಸ್ತಿ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಈ ಹೆಸರುಗಳು ಬರುವುದು ಗವರ್ನರ್ ಚುನಾವಣೆಯ ಜೊತೆಗೆ. 2022 ಆದ ಮೇಲೆ 2026. ಸನಿವೇಲ್ ಸೇರುವುದು ಆರನೇ ಮೇಲ್ಮನವಿ ಜಿಲ್ಲೆಗೆ, ಆ ಕೋರ್ಟು ಪಕ್ಕದ ಸ್ಯಾನ್ ಹೋಸೆಯಲ್ಲೇ ಇದೆ. ತೀರ್ಪುಗಳು ಕೋರ್ಟಿನ ವೆಬ್‌ಸೈಟಿನಲ್ಲಿ ಸಿಗುತ್ತವೆ. ಒಬ್ಬೊಬ್ಬರದು ಒಂದೊಂದು ಓದಲಿ. ಯಾರು ಗೆದ್ದರು ಅಂತ ನೋಡುವುದು ಬೇಡ. ಸೋತವನ ವಾದವನ್ನು ನ್ಯಾಯಮೂರ್ತಿ ಸರಿಯಾಗಿ ಕೇಳಿಸಿಕೊಂಡಿದ್ದಾರಾ, ಅದಕ್ಕೆ ಕಾರಣ ಕೊಟ್ಟು ಉತ್ತರ ಹೇಳಿದ್ದಾರಾ, ಅಷ್ಟು ನೋಡಲಿ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವರು ನೀವು, ಫೋನಿನಲ್ಲಿ ಜೊತೆಗೆ ಕೂತರೆ ಒಂದು ಸಂಜೆಯ ಕೆಲಸ. ಅವಳು ಯಾವ ತೀರ್ಪು ಓದಿದಳು, ಹೌದು ಅಂದಳೋ ಇಲ್ಲ ಅಂದಳೋ, ಯಾಕೆ ಅಂತ ನಮಗೂ ಬರೆಯಿರಿ. ಇದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ