ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಬಿಸಿಲು

ಪ್ರಶ್ನೆ: ನಮ್ಮದು ವಿದ್ಯುತ್ ಕಂಬ ಬಾರದ ಬೆಟ್ಟದ ಊರು. ಹತ್ತು ವಿದ್ಯುತ್ ಸ್ಕೂಟರ್ ಮತ್ತು ಎರಡು ಸರಕು ಆಟೊ ಕೊಳ್ಳಬೇಕೆಂದಿದ್ದೇವೆ. ಸೌರ ಫಲಕ ಹಾಕಿಸಿದರೂ ರಾತ್ರಿ ಚಾರ್ಜ್ ಮಾಡಲು ದೊಡ್ಡ ಬ್ಯಾಟರಿ ಸಾಲು ಬೇಕೇಬೇಕು ಎನ್ನುತ್ತಾರೆ ಮಾರಾಟಗಾರರು. ಊರ ಪಕ್ಕ ಒಂದು ಹಳ್ಳವಿದೆ, ಬೇಸಿಗೆಯಲ್ಲಿ ಸೊರಗುತ್ತದೆ. ಏನು ಮಾಡೋಣ?

ಉತ್ತರ: ಆ ಬ್ಯಾಟರಿ ಸಾಲನ್ನು ಈಗ ಕೊಳ್ಳಬೇಡಿ. ದುರಸ್ತಿಗೆಂದು ನಾನು ಹೋದ ಸೌರ ಘಟಕಗಳಲ್ಲಿ ಮೊದಲು ಕೈಕೊಟ್ಟಿರುತ್ತಿದ್ದುದು ಬ್ಯಾಟರಿಯೇ ಹೊರತು ಫಲಕವಲ್ಲ. ಸಾಲಿಗೆ ತುಂಬಿದ ವಿದ್ಯುತ್ತನ್ನು ಮತ್ತೆ ಸ್ಕೂಟರಿನ ಬ್ಯಾಟರಿಗೆ ತುಂಬುವಾಗ ಎರಡೆರಡು ಕಡೆ ನಷ್ಟ. ಅದೇ ಹಣದಲ್ಲಿ ಬ್ಯಾಟರಿ ಬಿಚ್ಚಿ ತೆಗೆಯಬಹುದಾದ ಸ್ಕೂಟರ್‌ಗಳನ್ನೂ ಕೆಲವು ಹೆಚ್ಚುವರಿ ಬ್ಯಾಟರಿಗಳನ್ನೂ ಕೊಳ್ಳಿ. ಒಂದು ಬ್ಯಾಟರಿ ಗಾಡಿಯಲ್ಲಿ ಓಡುತ್ತಿರುವಾಗ ಇನ್ನೊಂದು ಹಗಲ ಬಿಸಿಲಿನಲ್ಲಿ ತುಂಬುತ್ತಿರಲಿ. ಆಟೊಗಳು ಮಧ್ಯಾಹ್ನ ಸರಕು ಇಳಿಸಿ ನಿಲ್ಲುವ ಹೊತ್ತೇ ಅವುಗಳ ಚಾರ್ಜಿನ ಹೊತ್ತು.

ಈಗ ಲೆಕ್ಕ. ದಿನಕ್ಕೆ 30 ಕಿಲೋಮೀಟರ್ ಓಡುವ ಸ್ಕೂಟರಿಗೆ ಸುಮಾರು ಒಂದು ಯೂನಿಟ್ ಸಾಕು. ಹೊರೆ ಹೊತ್ತು 50 ಕಿಲೋಮೀಟರ್ ಓಡುವ ಆಟೊಗೆ ನಾಲ್ಕೂವರೆ ಯೂನಿಟ್ ಎಂದುಕೊಳ್ಳಿ. ಒಟ್ಟು 19. ಚಾರ್ಜರ್ ಮತ್ತು ಇನ್ವರ್ಟರ್‌ಗಳಲ್ಲಿ ಸೋರುವುದನ್ನು ಸೇರಿಸಿದರೆ 24 ಯೂನಿಟ್. ಒಳ್ಳೆಯ ಬಿಸಿಲಿನ ದಿನ ಒಂದು ಕಿಲೋವ್ಯಾಟ್ ಫಲಕ ಸುಮಾರು 4 ಯೂನಿಟ್ ಕೊಡುತ್ತದೆ, ಆದ್ದರಿಂದ 6 ಕಿಲೋವ್ಯಾಟ್ ಬೇಕು. ಫಲಕಗಳ ಮೇಲೆ ಮರದ ನೆರಳು ಬೀಳದ ಜಾಗ ಹುಡುಕಿ. ಒಂದು ಫಲಕದ ಮೇಲೆ ಬಿದ್ದ ನೆರಳು ಅದರೊಂದಿಗೆ ಜೋಡಿಸಿದ ಫಲಕಗಳ ಇಡೀ ಸಾಲಿನ ವಿದ್ಯುತ್ತನ್ನೇ ಕುಗ್ಗಿಸಬಲ್ಲದು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಳ್ಳ. ಸೆಕೆಂಡಿಗೆ 10 ಲೀಟರ್ ನೀರನ್ನು 20 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿಸಿ ವಿದ್ಯುತ್ ಹುಟ್ಟಿಸುವ ಚಕ್ರವನ್ನು (ಟರ್ಬೈನ್) ತಿರುಗಿಸಿದರೆ, ಅರ್ಧ ಶಕ್ತಿ ನಷ್ಟವಾದರೂ ಸುಮಾರು ಒಂದು ಕಿಲೋವ್ಯಾಟ್ ಸಿಗುತ್ತದೆ. ಕಡಿಮೆಯೆನಿಸಬಹುದು. ಆದರೆ ಅದು ರಾತ್ರಿಯೂ ನಿಲ್ಲುವುದಿಲ್ಲ: ದಿನಕ್ಕೆ 24 ಯೂನಿಟ್, ನಿಮಗೆ ಬೇಕಾದಷ್ಟೇ! ಮೋಡ ಕವಿದು ಫಲಕಗಳು ಮಂಕಾಗುವ ತಿಂಗಳುಗಳಲ್ಲೇ ಹಳ್ಳ ಮೈದುಂಬುತ್ತದೆ. ಹಳ್ಳ ಸೊರಗಿದಾಗ ಬಿಸಿಲು ಇದ್ದೇ ಇರುತ್ತದೆ. ಇಂಥ ಜೋಡಿ ಎಲ್ಲ ಊರಿಗೂ ಸಿಗುವುದಿಲ್ಲ, ದಯವಿಟ್ಟು ಬಿಡಬೇಡಿ. ಒಂದೇ ಕಿಲೋವ್ಯಾಟ್ ಆದ್ದರಿಂದ ಎಲ್ಲ ಗಾಡಿಗಳನ್ನೂ ಒಟ್ಟಿಗೆ ಸಿಕ್ಕಿಸುವಂತಿಲ್ಲ. ಸರದಿ ಬೇಕು, ಸರದಿ ನೋಡಿಕೊಳ್ಳಲು ಒಬ್ಬರು ಬೇಕು, ಪ್ರತಿ ಪ್ಲಗ್ಗಿಗೂ ಮೀಟರ್ ಬೇಕು. ಯಾರು ಎಷ್ಟು ಬಳಸಿದರು ಎಂಬುದು ಎಲ್ಲರಿಗೂ ಕಾಣುವಂತಿದ್ದರೆ ಜಗಳ ಕಡಿಮೆ.

ಇನ್ನೊಂದು ಮಾತು: ಗಾಡಿಗಳೆಲ್ಲ ತುಂಬಿ ವಿದ್ಯುತ್ ಬಳಕೆ ನಿಂತರೆ ನೀರಿನ ಚಕ್ರ ಹೊರೆಯಿಲ್ಲದೆ ಮಿತಿಮೀರಿ ತಿರುಗುತ್ತದೆ. ಮಿಕ್ಕ ವಿದ್ಯುತ್ತನ್ನು ನೀರು ಕಾಯಿಸುವ ಹೀಟರಿಗೆ ತಿರುಗಿಸುವ ನಿಯಂತ್ರಕವನ್ನು ಹಾಕಿಸಲೇಬೇಕು. ಬೆಟ್ಟದ ಮೇಲಿರುವುದರಿಂದ ಸಿಡಿಲು ರಕ್ಷಕ ಮತ್ತು ಸರಿಯಾದ ಅರ್ಥಿಂಗ್ ಕೂಡ ಕಡ್ಡಾಯ.

ಮೊದಲು ಹಳ್ಳವನ್ನು ಅಳೆಯಿರಿ. ನೀರನ್ನೆಲ್ಲ ಒಂದೆಡೆ ತಿರುಗಿಸಿ 200 ಲೀಟರ್ ಡ್ರಮ್ ಹಿಡಿಯಿರಿ. 20 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಅಳೆದು, ಇಳಿಜಾರಿನ ಎತ್ತರದೊಂದಿಗೆ ಬರೆದು ಕಳುಹಿಸಿ. ಯಾವ ಅಳತೆಯ ಕೊಳವೆ ಬೇಕೆಂದು ಲೆಕ್ಕ ಹಾಕಿ ತಿಳಿಸುತ್ತೇನೆ.