ಮಕ್ಕಳ ಮೇಲಿನ ದೌರ್ಜನ್ಯ ದೆವ್ವದ ಕಥೆಗೆ ವಸ್ತುವಾಗಬಹುದೇ?

ಮನೆಯವರಿಂದಲೇ ಹೊಡೆತ ತಿಂದ, ಕಡೆಗಣನೆಗೆ ಒಳಗಾದ ಮಕ್ಕಳ ಸಂಕಟವನ್ನು ಹಾರರ್ ಕಾದಂಬರಿಗೆ ಸರಕಾಗಿಸುವುದು ಓದುಗರನ್ನು ಬೆಚ್ಚಿಬೀಳಿಸುವ ಅಗ್ಗದ ಉಪಾಯವಲ್ಲವೇ ಎಂದು ತಾವು ಕೇಳಿದ್ದೀರಿ. ಅಂತಹ ಪುಸ್ತಕಗಳು ಸಾಕಷ್ಟಿವೆ, ಅವುಗಳ ಪರ ವಾದಿಸಲು ನನಗೆ ಮನಸ್ಸಿಲ್ಲ. ಆದರೆ ಇಡೀ ಪ್ರಕಾರವನ್ನೇ ತಳ್ಳಿಹಾಕುವ ಮೊದಲು ಸ್ಟೀಫನ್ ಕಿಂಗ್ ಅವರ ‘ದಿ ಶೈನಿಂಗ್’ (1977) ಕಾದಂಬರಿಯನ್ನು ಒಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಕೊಲೊರಾಡೊದ ಬೆಟ್ಟಗಳಲ್ಲಿ ಚಳಿಗಾಲಕ್ಕೆಂದು ಮುಚ್ಚಿದ ಹೋಟೆಲೊಂದನ್ನು ನೋಡಿಕೊಳ್ಳಲು ಹೆಂಡತಿ ಮತ್ತು 5 ವರ್ಷದ ಮಗನೊಡನೆ ಹೋಗುವ ಜ್ಯಾಕ್ ಟೊರೆನ್ಸ್‌ನ ಕಥೆ ಅದು. ಹೋಟೆಲಿನಲ್ಲಿ ದೆವ್ವಗಳಿವೆ, ನಿಜ. ಆದರೆ ಅವನು ಅಲ್ಲಿಗೆ ಕಾಲಿಡುವ ಎಷ್ಟೋ ಮೊದಲೇ, ತಾನು ಬರೆಯುತ್ತಿದ್ದ ನಾಟಕದ ಹಾಳೆಗಳ ಮೇಲೆ ಬಿಯರ್ ಚೆಲ್ಲಿದ್ದಕ್ಕೆ ಸಿಟ್ಟಾಗಿ, ಆಗಿನ್ನೂ 3 ವರ್ಷದ ಮಗನ ಕೈ ಮುರಿದಿದ್ದ. ನಮ್ಮಲ್ಲಿ ಇಂಥವರ ಬಗ್ಗೆ ಒಂದು ಮಾತಿದೆ: ಕುಡಿದಾಗ ಮೈಮೇಲೆ ದೆವ್ವ ಬಂದಂತೆ ಆಡುತ್ತಾನೆ, ಇಲ್ಲದಿದ್ದರೆ ದೇವರಂಥ ಮನುಷ್ಯ. ಕಿಂಗ್ ಈ ಸಮಜಾಯಿಷಿಯನ್ನೇ ಅಕ್ಷರಶಃ ಕಥೆಯಾಗಿಸಿ, ದೆವ್ವ ನಿಜವಾಗಿಯೂ ಬಂದರೂ ಆ ಕೈಯನ್ನು ಮುರಿದದ್ದು ದೆವ್ವವಲ್ಲ ಎಂಬುದನ್ನು ಓದುಗನು ಮರೆಯದಂತೆ ನೋಡಿಕೊಳ್ಳುತ್ತಾರೆ.

ಇದಕ್ಕಿಂತಲೂ ನನ್ನನ್ನು ಕಲಕಿದ್ದು ಜ್ಯಾಕ್‌ನ ಬಾಲ್ಯದ ನೆನಪುಗಳು. ಆಸ್ಪತ್ರೆಯ ಕೆಲಸ ಮುಗಿಸಿ ಬಿಳಿ ಸಮವಸ್ತ್ರದಲ್ಲೇ ಮನೆಗೆ ಬರುವ ಅವನ ತಂದೆ, ಓಡಿ ಬಂದ ಮಗನನ್ನು ಎತ್ತಿ ಲಿಫ್ಟಿನಂತೆ ಮೇಲೆ ಕೆಳಗೆ ಆಡಿಸುತ್ತಾನೆ. ಅಮಲು ಹೆಚ್ಚಾದ ರಾತ್ರಿಗಳಲ್ಲಿ ಅದೇ ಆಟದಲ್ಲಿ ಹುಡುಗ ತಂದೆಯ ತಲೆಯ ಮೇಲಿಂದ ಹಾರಿ ನೆಲಕ್ಕೆ ಅಪ್ಪಳಿಸುತ್ತಾನೆ. ಅದೇ ತಂದೆ ಒಂದು ದಿನ ಊಟದ ಮೇಜಿನ ಬಳಿ, ಮಕ್ಕಳೆದುರೇ, ಊರುಗೋಲಿನಿಂದ ಹೆಂಡತಿಯನ್ನು ಬಡಿಯುತ್ತಾನೆ. ಇಷ್ಟಾದರೂ ಹುಡುಗನು ಎಷ್ಟೋ ಕಾಲ ಆ ತಂದೆಯನ್ನು ಪ್ರೀತಿಸುತ್ತಲೇ ಇದ್ದ. ಹೊಡೆಯುವ ಕೈಯನ್ನೇ ಮಗು ಕಾಯುತ್ತಾ ಕೂರುವ ಈ ಸಂಗತಿಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಬರವಣಿಗೆಯನ್ನು ನಾನು ಹೆಚ್ಚು ಕಂಡಿಲ್ಲ. (ಇದೇ ಕಾದಂಬರಿಯನ್ನು ಆಧರಿಸಿ ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ 1980ರ ಸಿನಿಮಾದಲ್ಲಿ ಈ ತಂದೆಯ ಭಾಗವೇ ಇಲ್ಲ. ಆದರೆ ಮಗನ ಭುಜದ ಕೀಲು ತಪ್ಪಿದ್ದನ್ನು ತಾಯಿಯು ವೈದ್ಯೆಯ ಮುಂದೆ ಏನೂ ಆಗಿಲ್ಲವೆಂಬಂತೆ ನಗುನಗುತ್ತಾ ಹೇಳುವ ದೃಶ್ಯ ಅದರ ಅಮೆರಿಕನ್ ಆವೃತ್ತಿಯಲ್ಲಿದೆ. ನನ್ನ ಮಟ್ಟಿಗೆ ಆ ಸಿನಿಮಾದ ಅತ್ಯಂತ ಭಯಾನಕ ದೃಶ್ಯ ಅದೇ.)

ಕಡೆಗಣನೆಯ ವಿಷಯಕ್ಕೆ ಬಂದರೆ, ಜೆನಿಫರ್ ಕೆಂಟ್ ನಿರ್ದೇಶಿಸಿದ ಆಸ್ಟ್ರೇಲಿಯಾದ ‘ದಿ ಬಾಬಾಡೂಕ್’ (2014) ಚಿತ್ರವನ್ನು ಹೆಸರಿಸುತ್ತೇನೆ. ಹೆರಿಗೆಗೆ ಕರೆದೊಯ್ಯುವಾಗ ಗಂಡ ಅಪಘಾತದಲ್ಲಿ ಸತ್ತದ್ದರಿಂದ, ಮಗನ ಹುಟ್ಟುಹಬ್ಬವನ್ನು ಆ ತಾಯಿ ಅವನು ಹುಟ್ಟಿದ ದಿನದಂದೇ ಎಂದೂ ಆಚರಿಸಿದ್ದಿಲ್ಲ. ಇದರಲ್ಲಿ ಏಟಿಲ್ಲ, ಬೈಗುಳವೂ ಇಲ್ಲ; ತಾನು ಹುಟ್ಟಿದ್ದೇ ತಪ್ಪೆಂದು ಮಗುವಿಗೆ ಅನ್ನಿಸಲು ಅಷ್ಟು ಸಾಕು.

ತಮ್ಮ ಆಕ್ಷೇಪ ಹೆಚ್ಚು ಸಲ್ಲುವುದು ಬಹುಶಃ ಜ್ಯಾಕ್ ಕೆಚಮ್ ಅವರ ‘ದಿ ಗರ್ಲ್ ನೆಕ್ಸ್ಟ್ ಡೋರ್’ (1989) ಕಾದಂಬರಿಗೆ. 1965ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ, ಹೆತ್ತವರು ವಾರಕ್ಕೆ 20 ಡಾಲರ್ ಕೊಡುವ ಮಾತಾಡಿ ಆಗಷ್ಟೇ ಪರಿಚಯವಾಗಿದ್ದ ಹೆಂಗಸೊಬ್ಬಳ ಮನೆಯಲ್ಲಿ ಬಿಟ್ಟುಹೋದ 16ರ ಬಾಲಕಿಯೊಬ್ಬಳು ಆ ಹೆಂಗಸು ಮತ್ತು ಸುತ್ತಲಿನ ಮಕ್ಕಳ ಚಿತ್ರಹಿಂಸೆಗೆ ಬಲಿಯಾದ ನಿಜ ಘಟನೆ ಅದರ ಮೂಲ. ಕಾದಂಬರಿಯಲ್ಲಿ ದೆವ್ವವೇ ಇಲ್ಲ. ಎಲ್ಲವನ್ನೂ ನೋಡುತ್ತಾ ನಿಂತಿದ್ದ ಪಕ್ಕದ ಮನೆಯ ಹುಡುಗನೇ ದೊಡ್ಡವನಾದ ಮೇಲೆ ಕಥೆ ಹೇಳುತ್ತಾನೆ. ಕೆಲವು ಪುಟಗಳು ಅಗತ್ಯಕ್ಕಿಂತ ಹೆಚ್ಚು ವಿವರವಾಗಿವೆ ಎಂದು ನನಗೂ ಅನ್ನಿಸಿತು. ಆದರೂ ನಾನು ಪುಸ್ತಕವನ್ನು ಕೆಳಗಿಡಲಿಲ್ಲ, ಏಕೆಂದರೆ ನಾನು ಬಹುಕಾಲ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ತೋಳಿನ ಮೇಲೆ ಬಾಸುಂಡೆ ಎದ್ದಿದ್ದ ಹುಡುಗನೊಬ್ಬ ಸೈಕಲ್ಲಿನಿಂದ ಬಿದ್ದೆ ಎಂದಾಗ, ಅವನ ಮನೆಯಲ್ಲಿ ಸೈಕಲ್ಲೇ ಇಲ್ಲವೆಂದು ತಿಳಿದಿದ್ದೂ ಹಾಜರಿ ಕೂಗುವುದನ್ನು ಮುಂದುವರಿಸಿದ್ದೆ.

ತಾವು ಓದುವುದಾದರೆ ಕಿಂಗ್‌ರಿಂದ ಆರಂಭಿಸಿ. ಕೆಚಮ್‌ರ ಪುಸ್ತಕವನ್ನು ಕೊನೆಗಿಟ್ಟುಕೊಳ್ಳಿ. ತಮ್ಮ ಬಾಲ್ಯದಲ್ಲಿ ಇಂಥದ್ದೇನಾದರೂ ನಡೆದಿದ್ದರೆ ಅದನ್ನು ಓದದಿದ್ದರೂ ನಷ್ಟವಿಲ್ಲ.